ಬಾಡಿಗೆಯ ಕಂಠ

ಮೈಕ್ ಅಂಗಡಿಯ ಹಿಂದಿನ ಕೋಣೆಯಿಂದ
ಮಾರ್ಚ್ ಒಂಬತ್ತು, ಭಾನುವಾರ

ನನ್ನ ಮುದ್ದು ತಮ್ಮನಿಗೆ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಆ ಬೆನ್ನುನೋವು ಇನ್ನೂ ಇದೆಯಾ, ಇಲ್ಲಾ ನಮ್ಮ ಜೊತೆ ಅದನ್ನೂ ಇಲ್ಲೇ ಬಿಟ್ಟು ಹೋದೆಯಾ? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಪತ್ರವಾದರೆ ಬಾಗಿಲ ಸಂದಿಯಿಂದ ಒಳಗೆ ಬಂದು ಬಿದ್ದಿರುತ್ತದೆ, ಎತ್ತಲೇಬೇಕು. ಓದದೆ ಹರಿದು ಹಾಕಿದರೆ ನನ್ನಾಣೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಕಂಬ ಹತ್ತಿ ಹಾರ್ನ್ ಕಟ್ಟುವುದು, ಆಂಪ್ಲಿಫೈಯರ್ ಬಿಚ್ಚಿ ರಿಪೇರಿ ಮಾಡುವುದು ಎಲ್ಲ ಈಗ ನನ್ನ ತಲೆಗೇ. ಮದುವೆ ಮನೆಯವರು ನನ್ನನ್ನು ನೋಡಿ ಮೊದಲು "ಕೆಲಸದವರು ಯಾವಾಗ ಬರ್ತಾರಮ್ಮಾ" ಅನ್ನುತ್ತಾರೆ. ನಾನು ಸೆರಗು ಸಿಕ್ಕಿಸಿ ಏಣಿ ಹತ್ತಿದ ಮೇಲೆ ಸುಮ್ಮನಾಗುತ್ತಾರೆ.

ನಮ್ಮ ಚುನಾವಣಾ ಕ್ಷೇತ್ರ ಇನ್ನಿಲ್ಲ ಕಣೋ. ಪೇಪರಿನಲ್ಲಿ ನೋಡಿರುತ್ತೀಯ. ಗಡಿಯನ್ನು ಹೊಸದಾಗಿ ಎಳೆದು, ಬೀದಿಯ ನಮ್ಮ ಸಾಲನ್ನು ಒಂದು ಕ್ಷೇತ್ರಕ್ಕೆ, ಎದುರು ಸಾಲನ್ನು ಇನ್ನೊಂದಕ್ಕೆ ಹಂಚಿದ್ದಾರೆ. ಎದುರಿನ ದರ್ಜಿ ಬೆಳಿಗ್ಗೆ ಚಹಾಕ್ಕೆ ಬಂದವನು, "ಅಕ್ಕಾ, ಗಡಿ ದಾಟಿ ಬಂದಿದೀನಿ, ತಿಂಡಿನೂ ಕೊಡಿ" ಅಂದ. ನನಗೆ ನಗು ಬಂತು. ಆಮೇಲೆ ಅಪ್ಪನ ಮುಖ ನೋಡಿದೆ, ನಗು ನಿಂತಿತು. ಆ ಕ್ಷೇತ್ರದ ಚರಿತ್ರೆಯೆಲ್ಲ ಇದ್ದದ್ದು ಪ್ರಚಾರದ ಜೀಪಿನಲ್ಲಿ ಕೂಗುತ್ತಿದ್ದ ಅವರ ಗಂಟಲಲ್ಲೇ ಅಲ್ಲವಾ?

ಊಟವಾದ ಮೇಲೆ ನಮ್ಮಿಬ್ಬರನ್ನು ಕೂರಿಸಿಕೊಂಡು ಒಂದೊಂದು ಚುನಾವಣೆಯನ್ನೂ ಕೂಗಿ ತೋರಿಸುತ್ತಿದ್ದರಲ್ಲ, ನೆನಪಿದೆಯಾ? ಮೊದಲನೆಯದಕ್ಕೆ ಮೈಕೇ ಇರಲಿಲ್ಲ, ಅಜ್ಜ ತಗಡಿನ ತುತ್ತೂರಿ ಹಿಡಿದು ಬೀದಿಬೀದಿ ಸುತ್ತಿ ಡಾಕ್ಟರಿಗೆ ವೋಟು ಕೇಳಿದ್ದರು. ಎದುರು ನಿಂತವನಿಗೆ ಜ್ವರ ಬಂದಾಗ ಔಷಧಿ ಕೊಟ್ಟವರೂ ಆ ಡಾಕ್ಟರೇ, ಗೆಲ್ಲದೆ ಏನು? ಅವರನ್ನು ಕೊನೆಗೆ ಸೋಲಿಸಿದ್ದು ಮೇಷ್ಟ್ರು, ಅಪ್ಪನ ಮೊದಲ ಗಿರಾಕಿ. ಮುಂದಿನ ಸಲ ಮೇಷ್ಟ್ರು ಪಕ್ಷ ಬದಲಾಯಿಸಿದರು. ಅಪ್ಪ ಅಭ್ಯಾಸಬಲದಿಂದ ಸಂತೆಬೀದಿಯುದ್ದಕ್ಕೂ ಹಳೆಯ ಗುರುತನ್ನೇ ಕೂಗಿಬಿಟ್ಟಿದ್ದು, ಮೇಷ್ಟ್ರು ಚಪ್ಪಲಿ ಬಿಟ್ಟು ಜೀಪಿನ ಹಿಂದೆ ಓಡಿದ್ದು, ಅದನ್ನು ಅಪ್ಪ ಎಷ್ಟು ಸಲ ನಟಿಸಿ ತೋರಿಸಿಲ್ಲ! ಅವಧಿಯ ಮಧ್ಯದಲ್ಲೇ ಮೇಷ್ಟ್ರು ತೀರಿಕೊಂಡರು, ಉಪಚುನಾವಣೆಗೆ ಅವರ ಹೆಂಡತಿ ನಿಂತರು. ಪಾಪ, ಆಕೆ ಮೈಕಿನ ಮುಂದೆ ಒಂದು ಮಾತೂ ಆಡದೆ ಅತ್ತರು, ಗೆದ್ದರು. ಆಮೇಲೆ ಕಂಟ್ರಾಕ್ಟರು ಬಂದರು, ಬಂದವರು ಹೋಗಲೇ ಇಲ್ಲ. ಯಾರು ಬರಲಿ, ಯಾರು ಹೋಗಲಿ, ಅಪ್ಪನ ಕಟ್ಟಳೆ ಒಂದೇ. ಒಂದು ಚುನಾವಣೆಗೆ ಒಬ್ಬರಿಗೇ ದನಿ, ಅದೂ ಮೊದಲು ಬಂದು ಬಾಯಿಬಿಟ್ಟು ಕೇಳಿಕೊಂಡವರಿಗೆ. "ಗಂಟಲು ಬಾಡಿಗೆಗೆ ಕೊಡ್ತೀನಿ, ವೋಟು ಮಾತ್ರ ನಂದೇ" ಅನ್ನುತ್ತಿದ್ದರು.

ಕೊನೆಯದು ನಿನ್ನ ಚುನಾವಣೆ. ನೀನು ಯಾಕೆ ನಿಂತೆ ಅಂತ ನನಗೆ ಗೊತ್ತು, ಅಪ್ಪನಿಗೂ ಗೊತ್ತಿತ್ತು. ಕಂಟ್ರಾಕ್ಟರು ಅರ್ಧಕ್ಕೆ ಬಿಟ್ಟ ಆ ಸೇತುವೆಯಿಂದಾಗಿ ಅಮ್ಮನನ್ನು ಸುತ್ತುದಾರಿಯಲ್ಲಿ ಆಸ್ಪತ್ರೆಗೆ ಒಯ್ಯಬೇಕಾಯಿತು. ದಾರಿಯಲ್ಲೇ ಅವಳ ತಲೆ ನಿನ್ನ ತೊಡೆಯ ಮೇಲೆ ತಣ್ಣಗಾಯಿತು. ಹಾಗಿದ್ದೂ ಅಪ್ಪ ಅದೇ ಕಂಟ್ರಾಕ್ಟರ ಜೀಪಿನಲ್ಲಿ ಕೂತು ನಿನ್ನ ವಿರುದ್ಧ ಕೂಗಿದರು. ನೀನು ಠೇವಣಿ ಕಳೆದುಕೊಂಡು ಮನೆಗೆ ಬಂದವನು ಚೀಲ ಎತ್ತಿಕೊಂಡು, ಹೊಸ್ತಿಲ ಮೇಲೆ ನಿಂತು, "ಆ ಗಂಟಲಿಗೆ ಹುಳ ಬೀಳಲಿ" ಅಂದೆ. ಆ ಮಾತು ಇನ್ನೂ ಅಲ್ಲೇ ನಿಂತಿದೆ, ದಿನಾ ಗುಡಿಸುವಾಗ ನನ್ನ ಕಾಲಿಗೆ ತಗಲುತ್ತದೆ.

ಆದರೆ ನಿನಗೆ ಒಂದು ಸಂಗತಿ ಗೊತ್ತಿಲ್ಲ. ಕಂಟ್ರಾಕ್ಟರು ಬಂದು ಕೇಳಿದಾಗ ಅಪ್ಪ ಹೂಂ ಅನ್ನಲಿಲ್ಲ, "ನಾಳೆ ಬನ್ನಿ" ಅಂದರು. ಅಷ್ಟು ವರ್ಷಗಳಲ್ಲಿ ಯಾರಿಗೂ ಹಾಗೆ ಹೇಳಿದವರಲ್ಲ. ಆವತ್ತು ಮಧ್ಯಾಹ್ನ ನಿನ್ನ ಪಕ್ಕ ಊಟಕ್ಕೆ ಕೂತು, ತಟ್ಟೆಯಲ್ಲಿ ಬೆರಳಾಡಿಸುತ್ತಾ ಕಾದರು. ನೀನು ಕರಪತ್ರದ ಬಣ್ಣದ ಬಗ್ಗೆ ಮಾತಾಡಿದೆ, ಆಯೋಗದವರು ಏಣಿ ಗುರುತು ಕೊಟ್ಟರೆ ಚೆನ್ನ, ನಮ್ಮ ಅಂಗಡಿಯ ಏಣಿಯನ್ನೇ ಹೊತ್ತು ಸುತ್ತಬಹುದು ಅಂದೆ, ಕೈ ತೊಳೆದು ಎದ್ದು ಹೋದೆ. ನಾನು ಹಿಂದೆಯೇ ಓಡಿಬಂದು "ಅಪ್ಪನ್ನ ಒಂದು ಮಾತು ಕೇಳೋ" ಅಂದರೆ, "ಮನೆಯವರನ್ನ ಕೇಳೋದೇನಕ್ಕಾ?" ಅಂದೆ. ಮಾರನೆಯ ದಿನ ಕಂಟ್ರಾಕ್ಟರು ಮತ್ತೆ ಬಂದರು. ಇಬ್ಬರೂ ಹಟಮಾರಿಗಳು ನನ್ನ ಹಣೆಗೇ ಯಾಕೆ ಬಂದಿರೋ! ಇನ್ನೊಂದು ಗೊತ್ತಾ? ಕಂಟ್ರಾಕ್ಟರು ಬರೆದುಕೊಟ್ಟ ಭಾಷಣದಲ್ಲಿ "ಸೇತುವೆಯ ಸರದಾರ" ಅಂತ ಒಂದು ಸಾಲಿತ್ತು. ಆ ಸಾಲು ಬಂದಾಗಲೆಲ್ಲ ಅಪ್ಪ ಮೈಕಿಗೆ ಬಾಯಿಟ್ಟು ಕೆಮ್ಮುತ್ತಿದ್ದರು. ಊರೆಲ್ಲ "ಮೈಕಣ್ಣನಿಗೆ ಧೂಳು ಆಗಲ್ಲ" ಅಂದುಕೊಂಡಿತು.

ಆಗಿನದು ಬೇಕೆಂದೇ ಕೆಮ್ಮಿದ್ದು. ಈಗಿನದು ಹಾಗಲ್ಲ ಕಣೋ. ಗಂಟಲಲ್ಲಿ ಗಡ್ಡೆಯಾಗಿದೆ. ಗುರುವಾರ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ನಿನ್ನ ಮಾತಿನಿಂದ ಬಂದದ್ದಲ್ಲ, ಹಾಗಂತ ಒಂದು ಗಳಿಗೆಯೂ ಅಂದುಕೊಳ್ಳಬೇಡ, ಇದು ಬಹಳ ಹಿಂದೆಯೇ ಶುರುವಾಗಿತ್ತು ಅಂತ ಆಸ್ಪತ್ರೆಯವರೇ ಹೇಳಿದರು. ಅಲ್ಲಿಯವರೆಗೆ ಮಾತಾಡಬೇಡಿ, ಉಳಿದಿರುವ ಚೂರು ದನಿಯೂ ಹೋಗುತ್ತದೆ ಅಂದಿದ್ದಾರೆ. ಅಪ್ಪ ಅಕ್ಷರಶಃ ಪಾಲಿಸುತ್ತಿದ್ದಾರೆ. ಮೈಕ್ ಪರೀಕ್ಷೆ ಮಾಡುವ ಹಾಗೆ ಮೇಜನ್ನು ಬೆರಳಿಂದ ತಟ್ಟುತ್ತಾರೆ, ಒಂದು ಸಲಕ್ಕೆ ನೀರು, ಎರಡು ಸಲಕ್ಕೆ ಚಹಾ. ಹೊಸ ಕ್ಷೇತ್ರದ ಅಭ್ಯರ್ಥಿಯೊಬ್ಬ ಬಂದು, "ಒಂದೇ ಒಂದು ಸಲ ರೆಕಾರ್ಡ್ ಮಾಡಿಕೊಡಿ ಮೈಕಣ್ಣಾ" ಅಂತ ಕೈಮುಗಿದ. ಎಲ್ಲರಿಗಿಂತ ಮೊದಲು ಬಂದು ಕೇಳಿಕೊಂಡವನು ಅವನೇ. ಆದರೂ ತಲೆಯಾಡಿಸಿ ಕಳಿಸಿಬಿಟ್ಟರು. ಅವನು ಹೋದಮೇಲೆ "ಯಾರಿಗೋಸ್ಕರ ಉಳಿಸ್ತಿದ್ದೀರಿ?" ಅಂತ ಕೇಳಿದೆ. ನೀನು ಗುರುತೆಂದು ಹೊತ್ತು ಸುತ್ತಿದ, ಈಗ ಗೋಡೆಗೆ ತೂಗುಹಾಕಿರುವ ಏಣಿಯ ಕಡೆ ನೋಡಿ, ಎದ್ದು ಹೋಗಿ ಮಲಗಿದರು.

ಬುಧವಾರದೊಳಗೆ ಬಂದುಬಿಡು. ಒಂದು ಸಲ ಅವರ ಬಾಯಿಂದ ನಿನ್ನ ಹೆಸರು ಕರೆಸಿಕೊಂಡು ಹೋಗು. ಸಿಟ್ಟು ಬೇಕಿದ್ದರೆ ಆಮೇಲೆ ಮತ್ತೆ ಶುರು ಮಾಡು, ನಾನು ಅಡ್ಡ ಬರುವುದಿಲ್ಲ. ಚೆನ್ನಾಗಿರು, ನೂರು ವರ್ಷ ಬಾಳು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗಾಳಿಗೆ ತಲೆಯೊಡ್ಡಬೇಡ.

ನಿನ್ನ ದಾರಿ ಕಾಯುತ್ತಿರುವ,
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಬೀದಿಯಲ್ಲಿ ಗದ್ದಲ ಕೇಳಿ ಮುಂದಕ್ಕೆ ಓಡಿದೆ. ನಿನ್ನೆ ರಿಪೇರಿ ಮಾಡಿದ ಹಾರ್ನನ್ನು ಪರೀಕ್ಷೆಗೆಂದು ಮಾಳಿಗೆಯ ಮೇಲೆ ಕಟ್ಟಿದ್ದೆ, ತಂತಿ ಬಿಚ್ಚಲು ಮರೆತಿದ್ದೆ. ಅಪ್ಪ ಅಂಗಡಿಯ ಬಾಗಿಲೆಳೆದುಕೊಂಡು, ಒಳಗೆ ಮೈಕ್ ಹಿಡಿದು ಒಬ್ಬರೇ ನಿಂತಿದ್ದರು. ತಮಗೊಬ್ಬರಿಗೇ ಕೇಳಿಸುತ್ತಿದೆ ಅಂದುಕೊಂಡಿದ್ದರೋ ಏನೋ. "ಮಹಾಜನರೇ, ನನ್ನ ಮಗ ನಿಂತಿದಾನೆ" ಅಂದರು. ನಿನ್ನ ಪೂರ್ತಿ ಹೆಸರು ಹೇಳಿದರು. "ಏಣಿ ಗುರುತು, ಏಣಿ ಗುರುತು, ಅವನ ತಾಯಿಗೆ ಸೇತುವೆ ಸಿಗಲಿಲ್ಲ, ಅವನಿಗೆ ನಿಮ್ಮ ವೋಟು ಕೊಡಿ" ಅಂದರು. ಯಾವತ್ತೋ ಮುಗಿದ ಚುನಾವಣೆಗೆ, ಇಲ್ಲವೇ ಇಲ್ಲದ ಕ್ಷೇತ್ರಕ್ಕೆ. ಎದುರು ಸಾಲಿನವರೆಲ್ಲ ಹೊರಗೆ ಬಂದು ನಿಂತಿದ್ದರು, ದರ್ಜಿ ಮಷಿನ್ ಬಿಟ್ಟೆದ್ದು ಅಳುತ್ತಿದ್ದ. ನಾಲ್ಕನೇ ಸಲ ಏಣಿ ಅನ್ನುವಾಗ ಬರೀ ಉಸಿರು ಬಂತು, ಮತ್ತೆ ದನಿ ಏಳಲೇ ಇಲ್ಲ. ಗುರುವಾರಕ್ಕೆ ಇನ್ನೇನೂ ಉಳಿದಿಲ್ಲ. ನೀನು ಬಾಯಿಬಿಟ್ಟು ಕೇಳಿಕೊಳ್ಳಲೇ ಇಲ್ಲ, ಆದರೂ ಕೊಟ್ಟುಬಿಟ್ಟರು ಕಣೋ. ಇನ್ನು ಅವರು ನಿನ್ನನ್ನು ಹೆಸರು ಹಿಡಿದು ಕರೆಯಲಾರರು. ಆದರೆ ಕಿವಿ ಚೆನ್ನಾಗಿದೆ. ಬಾ, ಬಂದು ನೀನು ಮಾತಾಡು.