ಐದೂಕಾಲು ವೋಲ್ಟ್

ಮಾರ್ಚ್ ೪, ಬೆಳಿಗ್ಗೆ

ನಾದಿನಿಗೆ ಕ್ಷಮಾಪಣೆಯ ಪತ್ರ ಬರೆದು ಅಂಚೆಗೆ ಹಾಕಿದ್ದಾಯಿತು. ‘ನಿನ್ನ ಅಕ್ಕನ ಗಿಟಾರಿಗೆ ನಾನು ಕಟ್ಟಿದ ಫಜ್ ಪೆಟ್ಟಿಗೆ ಪೂರ್ಣಗೊಂಡಿದೆ’ ಎಂದು ಕಳೆದ ಪತ್ರದಲ್ಲಿ ಬರೆದದ್ದು ತಪ್ಪು. ಪೂರ್ಣಗೊಂಡಿಲ್ಲ. ನುಡಿಯುತ್ತದೆ, ಅಷ್ಟೇ. ಗಿಟಾರಿನ ಸ್ವರವನ್ನು ಒರಟಾಗಿಸಿ ಗರ್ಜಿಸುವಂತೆ ಮಾಡುವುದು ಅದರ ಕೆಲಸ. ಇದೋ, ಸೊಳ್ಳೆಯಂತೆ ಗುಂಯ್‌ಗುಡುತ್ತಿದೆ.

“ನಿಮ್ಮ ಹಾಗೇ ಇದೆ ರೀ. ಬೈಯೋದಕ್ಕೂ ಮೊದಲು ಕ್ಷಮಿಸಿ ಅನ್ನುತ್ತೆ,” ಎಂದಳು ನನ್ನಾಕೆ.

ಇಪ್ಪತ್ತೆರಡಕ್ಕೆ ಅಕ್ಕತಂಗಿಯರ ಮೊದಲ ಕಾರ್ಯಕ್ರಮ, ಬಡಾವಣೆಯ ಸಭಾಂಗಣದಲ್ಲಿ. ಇವಳದು ಗಿಟಾರ್, ತಂಗಿಯದು ಡ್ರಮ್ಮು. ತಂಗಿಯನ್ನು ಎಲ್ಲರೂ ಕರೆಯುವುದೇ ‘ಗುಡುಗು’ ಎಂದು. ಅಷ್ಟರೊಳಗೆ ಸರಿಹೋಗದಿದ್ದರೆ ಅಂಗಡಿಯ ಪೆಟ್ಟಿಗೆ ತರುತ್ತಾಳಂತೆ. ನನ್ನದು ಅಟ್ಟಕ್ಕೆ… ಸಹಿಸಲಾರೆ.

ಮಾರ್ಚ್ ೭

ಮೊದಲ ಧಾರಕವನ್ನು — ಇವಳ ಬಾಯಲ್ಲಿ ಕೆಪಾಸಿಟರ್ — ಬದಲಿಸಿದೆ. ೦.೧ ಮೈಕ್ರೋಫ್ಯಾರಡ್ ಹೋಗಿ ೨.೨ ಬಂತು. ಮಂದ್ರಸ್ವರಗಳು ಒಳಬರಲು ಬಾಗಿಲು ಅಗಲವಾಗಬೇಕಿತ್ತು. ಬೆಸುಗೆ ಆರುವ ಮೊದಲೇ ತಂತಿ ಮೀಟಿದಳು. ಕಿಟಕಿಯ ಗಾಜು ನಡುಗಿತು! ಕೆಳಮನೆಯ ದರ್ಜಿ ಹೊರಬಂದು ಕತ್ತೆತ್ತಿ ಕೂಗಿದ: “ಏನಮ್ಮಾ, ಲಾರಿ ಮನೆಯೊಳಗೇ ತಂದ್ರಾ?”

“ಇರಿ, ಇನ್ನೂ ರಿವರ್ಸ್ ತಗೋತಿದೀನಿ!”

ಆದರೆ ಸ್ವರ ನಿಲ್ಲುತ್ತಿಲ್ಲ. ಅರ್ಧದಲ್ಲೇ ಉಸಿರು ಕಟ್ಟುತ್ತದೆ.

ಮಾರ್ಚ್ ೧೫, ಸಂಜೆ

ಇಷ್ಟು ದಿನ ಬರೆಯಲಾಗಲಿಲ್ಲ. ಬೆಸುಗೆಕಡ್ಡಿ ತಾಗಿ ಬೆರಳಿನಲ್ಲಿ ಬೊಬ್ಬೆ.

ಎರಡನೆಯ ಟ್ರಾನ್ಸಿಸ್ಟರಿನ ೮.೨ ಕಿಲೋ ಓಮ್ ರೋಧಕವನ್ನು — ಇವಳ ಬಾಯಲ್ಲಿ ರೆಸಿಸ್ಟರ್ — ಕಿತ್ತು, ತಿರುಪು ತಿರುಗಿಸಿ ಓಮ್ ಹೆಚ್ಚುಕಡಿಮೆ ಮಾಡಬಹುದಾದ ಪುಟ್ಟ ರೋಧಕವನ್ನು ಅಲ್ಲಿ ಕೂರಿಸಿದೆ. ಹಿಂದೆ ನಾವಿಬ್ಬರೂ ಕೆಲಸಕ್ಕಿದ್ದ ಮುದ್ರಣಾಲಯದಲ್ಲಿ ಇವಳು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದಳು, ನಾನು ಕರಡು ತಿದ್ದುತ್ತಿದ್ದೆ. ಇಂದೂ ಹಾಗೆಯೇ ಎದುರುಬದುರು ಕುಳಿತೆವು. ಇವಳು ಒಂದೇ ಸ್ವರವನ್ನು ಮತ್ತೆ ಮತ್ತೆ ಮೀಟುವುದು, ನಾನು ತಿರುಪು ತಿರುಗಿಸುವುದು.

“ಇನ್ನೂ… ಇನ್ನೂ… ಅಲ್ಲೇ! ಕೈ ತೆಗೀರಿ!”

ಸ್ವರ ನಿಂತಿತು. ಒರಟಾಗಿ, ದಪ್ಪಗೆ, ಕೋಣೆ ತುಂಬ. ಇಬ್ಬರೂ ನಕ್ಕೆವು; ಏಕೆಂದು ತಿಳಿಯದು.

ಮಾರ್ಚ್ ೨೧, ಮಧ್ಯಾಹ್ನ

ಅವಿವೇಕ. ಬೆಳಿಗ್ಗೆ ಇವಳು ತರಕಾರಿಗೆ ಹೋದಾಗ ಆ ಎರಡನೆಯ ಟ್ರಾನ್ಸಿಸ್ಟರಿಗೆ ಮೀಟರ್ ಹಿಡಿದು ನೋಡಿದೆ: ಐದೂಕಾಲು ವೋಲ್ಟ್. ಪೆಟ್ಟಿಗೆ ಕಟ್ಟಲು ನೋಡಿಕೊಂಡ ಪುಸ್ತಕದಲ್ಲಿರುವುದು ನಾಲ್ಕೂವರೆ. ತಪ್ಪು ಕಂಡ ಮೇಲೆ ತಿದ್ದದೆ ಬಿಡುವ ಕೈಯಲ್ಲ ಇದು. ನಾಲ್ಕೂವರೆಗೆ ತಂದು ಮುಚ್ಚಳ ಬಿಗಿದೆ.

ತಾಲೀಮಿನಲ್ಲಿ ಸ್ವರದ ಕುತ್ತಿಗೆ ಹಿಸುಕಿದಂತಾಯಿತು.

“ಮುಟ್ಟಿದ್ರಾ?”

“ಪುಸ್ತಕದ ಪ್ರಕಾರ…”

“ನಾಳೆ ಪುಸ್ತಕ ಬಂದು ಬಾರಿಸುತ್ತಾ?”

ಡ್ರಮ್ಮಿನ ಹಿಂದಿನಿಂದ ಗುಡುಗು: “ಭಾವ, ಬೇಜಾರು ಮಾಡ್ಕೋಬೇಡಿ. ಅಂಗಡಿಯದು ಕಾರಲ್ಲೇ ಇದೆ.”

ತಂದೇ ಇಟ್ಟಿದ್ದಾಳೆ! ಮತ್ತೆ ಸರಿಪಡಿಸುತ್ತೇನೆಂದರೆ ಇವಳು ನನ್ನ ಕೈಯಿಂದ ತಿರುಪುಳಿ ಕಿತ್ತುಕೊಂಡು ಚೀಲಕ್ಕೆ ಹಾಕಿಕೊಂಡಳು.

ಮಾರ್ಚ್ ೨೩, ಬೆಳಿಗ್ಗೆ

ಅಕ್ಷರ ನೆಟ್ಟಗೆ ಬರುತ್ತಿಲ್ಲ. ಬಾರದಿದ್ದರೆ ಬೇಡ.

ನಿನ್ನೆ, ವೇದಿಕೆಯ ಪಕ್ಕದ ಕೋಣೆ. ಮೇಜಿನ ಮೇಲೆ ಎರಡೂ ಪೆಟ್ಟಿಗೆ. ಮೊದಲು ಅಂಗಡಿಯದನ್ನು ನುಡಿಸಿ ನೋಡಿದಳು. ಚೆನ್ನಾಗಿತ್ತು — ಒಪ್ಪಲೇಬೇಕು. ನನ್ನ ಮುಖ ನೋಡಿದಳು. ಚೀಲ ತಡಕಿ ತಿರುಪುಳಿ ಚಾಚಿದಳು.

“ಮೀಟರ್ ಎಲ್ಲಿ?”

“ಮನೆಯಲ್ಲಿ. ಬೇಕೆಂದೇ ಬಿಟ್ಟು ಬಂದೆ,” ಎಂದೆ.

“ಅಬ್ಬಾ! ಮದುವೆಯಾದದ್ದಕ್ಕೂ ಸಾರ್ಥಕ ಆಯ್ತು.”

ಮೀಟಿದಳು. ತಿರುಗಿಸಿದೆ. ಈ ಬಾರಿ ‘ಅಲ್ಲೇ’ ಎಂಬುದು ಇಬ್ಬರ ಬಾಯಿಂದಲೂ ಒಟ್ಟಿಗೆ ಬಂತು. ಎಷ್ಟು ವೋಲ್ಟೋ, ತಿಳಿಯದು.

ಅಂಗಡಿಯ ಪೆಟ್ಟಿಗೆ ಮೇಜಿನ ಮೇಲೆಯೇ ಉಳಿಯಿತು. ಕೊನೆಯ ಸ್ವರವನ್ನು ಎಳೆದಳು, ಇನ್ನೂ ಎಳೆದಳು. ಗುಡುಗು ಕೋಲೆತ್ತಿ ಕಾಯುತ್ತಲೇ ಇದ್ದಳು. ದರ್ಜಿ ಕುರ್ಚಿ ಹತ್ತಿ ನಿಂತಿದ್ದ. ನಾನೂ ಕೂಗಿದೆನಂತೆ. ಏನೆಂದು ನೆನಪಿಲ್ಲ. ವ್ಯಾಕರಣಬದ್ಧವಾಗಿರಲಾರದು.

ಮಾರ್ಚ್ ೨೫

ಇನ್ನೂ ಮೂರು ಕಡೆಯಿಂದ ಕರೆ! ಗುಡುಗು ಅವಸರದಲ್ಲಿ ಅಚ್ಚು ಹಾಕಿಸಿದ ಭಿತ್ತಿಪತ್ರದಲ್ಲಿ ಒಂದು ದಿನಾಂಕವೂ ಸರಿಯಿಲ್ಲ. ತಿದ್ದಿದ ಪಟ್ಟಿ:

ಗ್ರಂಥಾಲಯ — ೫ ಅಲ್ಲ, ಏಪ್ರಿಲ್ ೬.

ದಾದಿಯರ ಸಂಘ — ೧೧ ಅಲ್ಲ, ೧೨.

ರೈಲ್ವೆ ನೌಕರರ ಮೈದಾನ — ೧೯ ಅಲ್ಲ… ಗುಡುಗು ಬಂದು ಪಕ್ಕದಲ್ಲೇ ನಿಂತಿದ್ದಾಳೆ. “ಭಾವ, ಡ್ರಮ್ಮಿಗೂ ಇಂಥದೊಂದು ಮಾಡ್ಕೊಡಿ.” ಡ್ರಮ್ಮಿಗೆ ಫಜ್ಜೇ? ಎಲ್ಲಾದರೂ ಉಂಟೇ? ಆದರೆ… ಎದುರಿಗೊಂದು ಮೈಕ್ ಇಟ್ಟು, ಮೊದಲ ಧಾರಕವನ್ನು ಇನ್ನೂ ದೊಡ್ಡದು ಮಾಡಿದರೆ —