ಉಸಿರು ಕೇಳು ಅಂದಿದ್ದಿರಿ

ವಸ್ತಾದರೇ,

ನಾನು ನಿಮ್ಮ ಪರಸ್ಯಾ. ಬನಹಟ್ಟಿಯಲ್ಲಿ ಪವರ್‌ಲೂಮ್ ಓಡಿಸುವವನು, ನಿಮ್ಮ ಗರಡಿಯಲ್ಲಿ ಹದಿನಾಲ್ಕು ವರ್ಷ ಮಣ್ಣು ತಿಂದರೂ ಒಂದು ಗದೆಯನ್ನೂ ಗೆಲ್ಲದವನು. ನೀವು ಇದ್ದಾಗ ನಿಮಗೊಂದು ಚೀಟಿ ಬರೆದವನಲ್ಲ, ಈಗ ಕಾಗದ ಬರೆಯಲು ಕುಳಿತಿದ್ದೇನೆ. ನಿಮ್ಮ ಎದುರು ಕುಳಿತು ಹೇಳಬೇಕಾಗಿದ್ದ ಮಾತೊಂದನ್ನು ನುಂಗಿಕೊಂಡೇ ನಿಮ್ಮನ್ನು ಮಣ್ಣಿಗೆ ಕೊಟ್ಟು ಬಂದೆ. ಮೊದಲು ನಿಮಗೆ ತಿಳಿಯದ ಸುದ್ದಿ ಹೇಳಿಬಿಡುತ್ತೇನೆ. ನೀವು ಹೋದ ಮೂರನೇ ವಾರಕ್ಕೆ ಭೀಮಶಿಯ ಕೇಸು ತೀರ್ಮಾನವಾಯಿತು. ಹತ್ತು ವರ್ಷ ಶಿಕ್ಷೆ.

ಭೀಮಶಿ ಗರಡಿಗೆ ಬಂದ ಮೊದಲ ವರ್ಷ ನೀವು ಅವನನ್ನು ನನಗೆ ಜೋಡಿ ಹಾಕಿದಿರಿ. ನನಗಿಂತ ಒಂದು ಗೇಣು ಎತ್ತರ, ನನ್ನ ಎರಡರಷ್ಟು ಹಸಿವು. ನನ್ನ ಬುತ್ತಿಯ ರೊಟ್ಟಿ ತಿಂದು ನನ್ನನ್ನೇ ಚಿತ್ ಮಾಡುತ್ತಿದ್ದ. ಒಂದು ಮುಂಜಾನೆ ನೀವೇ ಲಂಗೋಟಿ ಕಟ್ಟಿ ಅವನ ಕೆಳಗೆ ಬಿದ್ದಿರಿ, ಕತ್ತು ಹಿಡಿಯಲು ಹೇಳಿದಿರಿ. ಸ್ವಲ್ಪ ಹೊತ್ತಿಗೆ ಕೈಕಾಲು ಬಿಟ್ಟು ಜೋತುಬಿದ್ದಿರಿ. ಭೀಮಶಿ ಹೆದರಿ ಕೈ ಸಡಿಲಿಸಿದ್ದೇ ತಡ, ಅವನು ಅಂಗಾತ, ನೀವು ಅವನ ಎದೆಯ ಮೇಲೆ. ಇಡೀ ಗರಡಿ ಬಿದ್ದುಬಿದ್ದು ನಕ್ಕಿತ್ತು.

"ಸಡ್ಲ ಆದ ಮೈ ನಂಬಬ್ಯಾಡ್ರಲೇ, ಸೋಗ ಇರ್ತೈತಿ" ಅಂದಿರಿ. ನಗು ನಿಂತ ಮೇಲೆ ಭೀಮಶಿಯ ತಲೆ ಹಿಡಿದು ಅವನ ಕಿವಿಯನ್ನು ನಿಮ್ಮ ಎದೆಗೆ ಒತ್ತಿಕೊಂಡಿರಿ. "ಮೈ ಸೋಗ ಹಾಕತೈತಿ, ಉಸರ ಸೋಗ ಹಾಕೂದಿಲ್ಲ. ಬಿಡೂಕಿಂತ ಮೊದಲ ಉಸರ ಕೇಳು. ಉಸರ ಸಿಗಲಿಲ್ಲಂದ್ರ ಆಗಿಂದಾಗ ಬಿಡು. ಕುಸ್ತಿ ಸೋತ್ರ ಸೋಲು." ಆಮೇಲೆ ಒಬ್ಬೊಬ್ಬರಾಗಿ ನಾವೆಲ್ಲರೂ ಜೋಡಿಯ ಎದೆಗೆ ಕಿವಿ ಇಟ್ಟು ಕೇಳಬೇಕಾಯಿತು. ಭೀಮಶಿಯ ಎದೆಯಲ್ಲಿ ಉಸಿರಿಗಿಂತ ಹೊಟ್ಟೆಯ ಸದ್ದೇ ಜೋರಾಗಿತ್ತು ಎಂದು ನಾನು ಹೇಳಿ ನಿಮ್ಮಿಂದ ಬೆನ್ನಿಗೊಂದು ತಿಂದೆ.

ಮುಧೋಳದ ಮೈದಾನದಲ್ಲಿ ಅವನು ಬೆಳ್ಳಿ ಗದೆ ಎತ್ತಿದ ದಿನವನ್ನು ನೀವು ಸಾಯುವವರೆಗೂ ಎಷ್ಟು ಸಲ ಹೇಳಿದಿರೋ. ಹಲಗಿಯ ಸದ್ದು ನಿಲ್ಲುತ್ತಲೇ ಇರಲಿಲ್ಲ. ಜನ ಅವನನ್ನು ಹೆಗಲ ಮೇಲೆ ಹೊತ್ತರು, ಅವನು ಮೇಲಿಂದಲೇ ನಿಮ್ಮನ್ನು ಹುಡುಕುತ್ತಿದ್ದ. ಅಲ್ಲಿಂದ ಕೊಲ್ಲಾಪುರ, ಸಾಂಗಲಿ, ಬೆಳಗಾವಿ. ಎಂಟು ಹಂಗಾಮು ಕುಸ್ತಿಯೇ ಅವನ ಹೊಟ್ಟೆಪಾಡು. ಜಮಖಂಡಿ ಬಸ್‌ಸ್ಟ್ಯಾಂಡಿನ ಎದುರು ಅವನ ಬ್ಯಾನರ್ ಕಟ್ಟಿದ್ದರಲ್ಲ, ಅದರಲ್ಲಿ ಅವನ ಹೊಟ್ಟೆಯನ್ನು ಒಳಗೆ ತಳ್ಳಿ ಬರೆಸಿದ್ದರು ಎಂದು ನಾನು ಕಾಡಿಸುತ್ತಿದ್ದೆ. ನೀವು ಮಾತ್ರ ಅವನ ಎರಡೂ ಕೈ ಹಿಡಿದು, "ಇವು ಮಣ್ಣಿನಾಗಷ್ಟ ಏಳಬೇಕು. ಹೊರಗ ಎದ್ದು ಅಂದ್ರ ನೀ ಪೈಲವಾನ ಅಲ್ಲ, ಪುಂಡ" ಅಂದಿರಿ. ಅವನು ನಿಮ್ಮ ಕಾಲು ಮುಟ್ಟಿದ. ಅವತ್ತು ಅವನು ನಿಜಕ್ಕೂ ಒಪ್ಪಿಕೊಂಡಿದ್ದ, ಸುಳ್ಳಲ್ಲ.

ಎಡ ಮೊಣಕಾಲು ಹೋದ ವರ್ಷದಿಂದ ಎಲ್ಲ ಬದಲಾಯಿತು. ಆಪರೇಷನ್ ಆಯಿತು, ಕಾಲು ಸರಿಹೋಗಲಿಲ್ಲ. ಹೊತ್ತು ಕುಣಿದ ಜನವೇ "ಕುಂಟ ಪೈಲವಾನ" ಎನ್ನತೊಡಗಿದರು. ಹೊಸಬರಿಗೆ ಕಲಿಸು ಎಂದು ನೀವು ಕರೆದಿರಿ, ಎರಡು ದಿನ ಬಂದ, ಮೂರನೇ ದಿನ ಬರಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಓಡಿಸತೊಡಗಿದ. ಒಮ್ಮೆ ಹೋಟೆಲಿನಲ್ಲಿ ಸಪ್ಲೈಯರ್‌ನ ಕಪಾಳಕ್ಕೆ ಹೊಡೆದ. ಇನ್ನೊಮ್ಮೆ ಒಬ್ಬ ಆಟೊದವನನ್ನು ಕೊರಳಪಟ್ಟಿ ಹಿಡಿದು ಎತ್ತಿದ. ಎರಡೂ ನನಗೆ ಗೊತ್ತಿತ್ತು. ನಿಮಗೆ ಹೇಳಲಿಲ್ಲ. ಪೈಲವಾನನ ಸಿಟ್ಟು ಎಂದು ನಾವು ಗೆಳೆಯರೆಲ್ಲ ನಕ್ಕು ಸುಮ್ಮನಾದೆವು, ಒಳಗೊಳಗೆ ಹೆಮ್ಮೆಯೂ ಪಟ್ಟೆವು. ಆಗಲೇ ನಿಮ್ಮ ಕಿವಿಗೆ ಹಾಕಿದ್ದರೆ…

ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಅವತ್ತು ಕಬ್ಬಿನ ಗಾಡಿಗಳ ಸಾಲು ರಸ್ತೆಯವರೆಗೆ ಬಂದಿತ್ತು. ಬನಹಟ್ಟಿಯಲ್ಲಿ ಕರೆಂಟು ಇರಲಿಲ್ಲ, ಮಗ್ಗ ನಿಂತಿತ್ತು, ಭೀಮಶಿ ಕರೆದನೆಂದು ಅವನ ಟ್ರ್ಯಾಕ್ಟರ್ ಏರಿ ಹೋಗಿದ್ದೆ. ಮಟಮಟ ಮಧ್ಯಾಹ್ನ. ನಿಮಗೆ ಗೊತ್ತಲ್ಲ, ಒಂದೊಂದು ಟ್ರ್ಯಾಕ್ಟರ್‌ನಲ್ಲೂ ಒಂದೊಂದು ಹಾಡು, ಪಕ್ಕದವನ ಮಾತು ಕೇಳದಷ್ಟು ಗದ್ದಲ. ಬೀಳಗಿ ಕಡೆಯ ಡ್ರೈವರ್ ಯಮನಪ್ಪ ಗಾಡಿಯನ್ನು ನಮ್ಮ ಮುಂದೆ ತೂರಿಸಿದ. ಪಾಳಿ ನಮ್ಮದು ಎಂದು ಭೀಮಶಿ ಕೂಗಿದ. ಯಮನಪ್ಪ ಇಳಿದು ಬಂದು, "ಕ್ಲಚ್ ಒತ್ತಾಕ ಕಾಲ ಇಲ್ಲ ನಿನಗ, ಪಾಳಿ ಯಾತಕ್ಕಪಾ?" ಎಂದು ಆ ಗದ್ದಲದ ಮೇಲೂ ಸುತ್ತಲಿನವರಿಗೆ ಕೇಳುವಂತೆ ಕೂಗಿದ. ಜನ ನಕ್ಕರು. ಅಷ್ಟೇ ನಡೆದದ್ದು.

ಭೀಮಶಿ ಅವನನ್ನು ಕೆಡವಿ ಹಿಂದಿನಿಂದ ಕತ್ತಿಗೆ ತೋಳು ಹಾಕಿದ. ಯಮನಪ್ಪ ಸಣಕಲ, ಕಬ್ಬಿನ ಒಣ ಎಲೆಯ ರವದಿಯಲ್ಲಿ ಎರಡು ಸಲ ಹಿಮ್ಮಡಿ ತಿಕ್ಕಿದ, ಆಮೇಲೆ ಜೋತುಬಿದ್ದ. ಆಗ ಭೀಮಶಿಯ ತೋಳು ಸಡಿಲವಾಯಿತು, ವಸ್ತಾದರೇ. ಹಿಂದೆ ನಿಂತವರಿಗೆ ಅದು ಕಾಣಲಿಲ್ಲ, ಕಂಡವನು ಎದುರಿಗಿದ್ದ ನಾನೊಬ್ಬನೇ. ಅವನು ಗರಡಿಯ ಆ ಮುಂಜಾನೆಯ ಹಾಗೆಯೇ ಹೆದರಿದ್ದ, ತಲೆ ಎತ್ತಿ ನನ್ನ ಮುಖ ನೋಡಿದ. ಜೋಡಿಯಲ್ಲವೇ ನಾನು? ನನ್ನನ್ನಲ್ಲದೆ ಯಾರನ್ನು ನೋಡಬೇಕು? ನಾನು ಕೂಗಿದೆ. "ಸೋಗ ಹಾಕ್ಯಾನಲೇ, ಬಿಡಬ್ಯಾಡ!" ನಗುತ್ತ ಕೂಗಿದೆ, ಹಾಡುಗಳ ಗದ್ದಲದಲ್ಲಿ ಅದು ಅವನೊಬ್ಬನಿಗಷ್ಟೇ ಕೇಳಿತು. ಮೈದಾನದ ಅಂಚಿನಲ್ಲಿ ಕುಳಿತು ಹುರಿದುಂಬಿಸುವ ಹಾಗೆ. ಅವನು ಮತ್ತೆ ಬಿಗಿ ಹಿಡಿದ.

ಬಿಟ್ಟಾಗ ಯಮನಪ್ಪ ಮಗುಚಿ ಬಿದ್ದ. ಭೀಮಶಿ ಅವನ ಎದೆಗೆ ಕಿವಿ ಇಟ್ಟ. ಒಂದು ಕಿವಿ ಇಟ್ಟ, ಇನ್ನೊಂದು ಇಟ್ಟ. "ಹಾಡ ಬಂದ್ ಮಾಡ್ರೋ, ಹಾಡ ಬಂದ್ ಮಾಡ್ರೋ" ಎಂದು ಚೀರಿದ. ಒಂದೊಂದಾಗಿ ಎಲ್ಲ ಟ್ರ್ಯಾಕ್ಟರ್‌ಗಳ ಹಾಡುಗಳು ನಿಂತವು. ಅಷ್ಟು ಸುಮ್ಮನಾದ ಮೇಲೂ ಅವನಿಗೆ ಏನೂ ಕೇಳಿಸಲಿಲ್ಲ.

ಆಮೇಲೆ ನೀವು ಗರಡಿಗೆ ಬೀಗ ಹಾಕಿದಿರಿ. ಕೇಸು ವರ್ಷಗಟ್ಟಲೆ ನಡೆಯಿತು, ನಡುವೆ ನೀವು ಊಟ ಬಿಟ್ಟಿರಿ. ಕೊನೆಯ ಸಲ ನಾನು ಬಂದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಿರಿ. "ಬಿಡಬ್ಯಾಡ ಅಂತ ಕಲಿಸಿದಾಂವ ನಾನ, ಪರಸ್ಯಾ. ಆ ಮನಷ್ಯಾನ್ನ ಕೊಂದಾಂವ ನಾನ" ಅಂದಿರಿ. ನಾನು ನಿಮ್ಮ ಕಾಲು ಒತ್ತುತ್ತಿದ್ದೆ. ನೀವು ಉಸಿರು ಕೇಳಲೂ ಕಲಿಸಿದ್ದಿರಿ ಎಂದು ನೆನಪಿಸಬಹುದಿತ್ತು. ಅರ್ಧ ಪಾಠ ಕೂಗಿದವನು ನಾನು ಎನ್ನಬಹುದಿತ್ತು. "ಹಂಗ್ಯಾಕ ಅಂತೀರಿ ವಸ್ತಾದರ" ಎಂದು ಕಾಲು ಒತ್ತುತ್ತಲೇ ಇದ್ದೆ. ಎಂಥ ಹೇಡಿ ನಾನು! ಎಂಟು ದಿನಕ್ಕೆ ನೀವು ಹೋದಿರಿ, ಆ ಭಾರ ಹೊತ್ತುಕೊಂಡೇ.

ಜಮಖಂಡಿ ಕೋರ್ಟಿನಲ್ಲಿ ನನ್ನ ಸಾಕ್ಷಿಯೂ ಆಗಿತ್ತು. ಗಾಡಿಯ ಆಚೆ ಇದ್ದೆ, ಬಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದೆ. ಕಟಕಟೆಯಲ್ಲಿ ನಿಂತ ಭೀಮಶಿ ತಲೆ ಎತ್ತಲಿಲ್ಲ. ತೀರ್ಪಿನ ದಿನ ಹೊರಗಿನ ಕಟ್ಟೆಯ ಮೇಲೆ ಯಮನಪ್ಪನ ಹೆಂಡತಿ ಶಾಂತವ್ವ ಕುಳಿತಿದ್ದಳು. ಅಳುತ್ತಿರಲಿಲ್ಲ. ನನ್ನನ್ನು ಕರೆದು ಕೇಳಿದಳು, "ಅಣ್ಣಾರ, ಅಷ್ಟ ಮಂದಿ ಇದ್ರಂತ. ಯಾರೂ ಬಿಡಸಲಿಲ್ಲೇನ್ರಿ?" ನಾನು ಚಪ್ಪಲಿ ನೋಡುತ್ತ, "ಭಾಳ ಲಗೂನ ಆಗಿಬಿಡ್ತವ್ವಾ" ಎಂದೆ. ಆಕೆ ನಂಬಿ ತಲೆ ಆಡಿಸಿದಳು.

ಹೋದ ವಾರ ಜೈಲಿಗೆ ಹೋಗಿದ್ದೆ. ಭೀಮಶಿ ಇಳಿದುಹೋಗಿದ್ದಾನೆ, ಆ ತೋಳುಗಳಿಗೆ ಅಂಗಿ ದೊಗಲೆಯಾಗಿದೆ. "ನನ್ನ ಹೆಸರ ಯಾಕ ಹೇಳಲಿಲ್ಲೋ?" ಎಂದು ಕೇಳಿದೆ.

"ಕೈ ಯಾರವು?" ಅಂದ.

"ನಿನ್ನವು."

"ಮತ್ತ? ನೀ ಅಂದಿ ಖರೆ. ಹಿಡದಾಂವ ನಾ." ಆಮೇಲೆ, "ವಸ್ತಾದರಿಗೆ ಹೇಳಿದ್ಯೇನ?" ಎಂದ. ನಾನು ಇಲ್ಲ ಎಂದು ಗೋಣು ಅಲ್ಲಾಡಿಸಿದೆ. "ಹೇಳದ ಕಳಿಸಿದ್ಯಾ ಅವರ್ನ?" ಎಂದು ಎದ್ದು ಒಳಗೆ ಹೋದ, ತಿರುಗಿ ನೋಡಲಿಲ್ಲ. ಅವನು ನನ್ನ ಮೇಲೆ ಸಿಟ್ಟಾದದ್ದು ಇಷ್ಟು ವರ್ಷದಲ್ಲಿ ಅದೊಂದೇ ಸಲ.

ಅದಕ್ಕೆ ಈ ಕಾಗದ. ನಿಮ್ಮ ಪಾಠದಲ್ಲಿ ತಪ್ಪಿರಲಿಲ್ಲ, ವಸ್ತಾದರೇ. ನೀವು ಯಾರನ್ನೂ ಕೊಲ್ಲಲಿಲ್ಲ. ನಿನ್ನೆ ಭೀಮಶಿಯ ವಕೀಲರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ಸುಳ್ಳು ಸಾಕ್ಷಿ ಹೇಳೀರಿ. ಇದನ್ನ ಬರದ ಕೊಟ್ರ ನೀವೂ ಒಳಗ ಹೋಗಬಹುದು, ಇಚಾರ ಮಾಡ್ರಿ" ಎಂದರು. ಅವನ ಶಿಕ್ಷೆ ಇಳಿಯುತ್ತದೆಂಬ ಭರವಸೆಯನ್ನೂ ಕೊಡಲಿಲ್ಲ. ಬರೆದು ಸಹಿ ಹಾಕಿ ಬಂದಿದ್ದೇನೆ. ಹೆಂಡತಿಗೆ ಹೇಳಿದೆ, ಆಕೆ ನಿನ್ನೆಯಿಂದ ನನ್ನ ಜೊತೆ ಮಾತಾಡಿಲ್ಲ. ಹೆದರಿಕೆ ಇದೆ, ಇಲ್ಲ ಅನ್ನಲಾರೆ.

ನಾಳೆ ಮುಂಜಾನೆಯ ಬಸ್ಸಿಗೆ ಬೀಳಗಿಗೆ ಹೊರಟಿದ್ದೇನೆ. ಶಾಂತವ್ವ ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲವಲ್ಲ. ಬಾಗಿಲಲ್ಲೇ ನಿಂತು ಹೇಳುತ್ತೇನೆ, ಒಳಗೆ ಕರೆದರೂ ಹೋಗುವುದಿಲ್ಲ. "ಅವ್ವಾ, ಅವ ಬಿಡಾಂವ ಇದ್ದ. ಬಿಡಬ್ಯಾಡ ಅಂದಾಂವ ನಾನು."

ನಿಮ್ಮ
ಪರಸ್ಯಾ