ಅಡುಗೆಮನೆ ಬಾಗಿಲಿನಿಂದ ಟಿ.ವಿ.

ಮಿಶ್ರಿಕೋಟಿ
೧೨-೧೧-೨೦೧೧

ಸೌ. ದ್ವಾರಕಾಗೆ, ನಿನ್ನ ಮನೆಯ ಮಾಸ್ತರನ ಆಶೀರ್ವಾದಗಳು.

ಮೊಣಕಾಲು ಹೇಗಿದೆ? ಬೆಳಗಾವಿಯ ಥಂಡಿಗೆ ಹಿಡಿದುಕೊಳ್ಳುತ್ತದೆ ಎಂದು ನೀನು ಹೊರಡುವಾಗಲೇ ನಾನು ಹೇಳಿದ್ದೆ. ಹಚ್ಚಿಕೊಳ್ಳುವ ಎಣ್ಣೆಯ ಸೀಸೆ ಮಾತ್ರ ಇಲ್ಲೇ ಗೋಡೆಯ ಮಾಡದಲ್ಲಿ ಕೂತು ನನ್ನನ್ನು ನೋಡುತ್ತಿದೆ. ನಿನ್ನ ಮಗಳು ರಂಜನಾ ಅಂಟಿನುಂಡಿ ತಿನ್ನುತ್ತಿದ್ದಾಳೋ, ಇಲ್ಲಾ ದಪ್ಪಗಾಗುತ್ತೇನೆಂದು ಡಬ್ಬಿಯಲ್ಲೇ ಇಡುತ್ತಿದ್ದಾಳೋ? ಎರಡನೆಯ ಬಾಣಂತನವೆಂದು ಹಗುರಾಗಿ ತೆಗೆದುಕೊಳ್ಳಬೇಡ ಎಂದು ನಾನು ಹೇಳಿದೆನೆಂದು ಹೇಳು. ನಾನು ಆರಾಮ ಇದ್ದೇನೆ. ಮಧ್ಯಾಹ್ನಕ್ಕೆ ಬಾಜು ಮನೆಯ ಬಸಕ್ಕ ರೊಟ್ಟಿ ಕಳಿಸುತ್ತಾಳೆ, ರಾತ್ರಿ ನಾನೇ ಅನ್ನ-ಸಾರು ಮಾಡಿಕೊಳ್ಳುತ್ತೇನೆ. ಸಾರಿನ ವಿಷಯ ಹೆಚ್ಚು ಕೇಳಬೇಡ.

ಫೋನು ಇರುವಾಗ ಈ ಮುದುಕನಿಗೆ ಪತ್ರದ ಹುಚ್ಚು ಯಾಕೆ ಅನ್ನುತ್ತೀ. ಫೋನಿನಲ್ಲಿ ನಾನೊಂದು ಮಾತು ಆಡಿದರೆ ನಿನ್ನ ಸುತ್ತ ನಾಲ್ಕು ಮಂದಿ ಕೇಳುತ್ತಿರುತ್ತಾರೆ. ಮೇಲಾಗಿ, ಹೋದ ವಾರ ನೀನು ಫೋನಿನಲ್ಲಿ ಆಡಿದ ಮಾತು ನನ್ನ ತಲೆ ಬಿಟ್ಟು ಇಳಿಯಲೊಲ್ಲದು. "ಇಲ್ಲಿ ಸೋಫಾದ ಮ್ಯಾಲೆ ಕೂತು ಟಿ.ವಿ. ನೋಡ್ತೀನ್ರಿ, ಪೂರಾ ಕಾಣಸ್ತದ," ಅಂದೆ. ನೀನು ನಕ್ಕೆ, ನಾನೂ ನಕ್ಕೆ. ಊರಿಗೆ ಯಾವಾಗ ಬರುತ್ತೀ ಎಂದು ಕೇಳಿದರೆ "ನೋಡೂಣಂತ" ಅಂದೆ. ಮೂರು ತಿಂಗಳಾಯಿತು ನೀನು ಹೋಗಿ. ಆ 'ನೋಡೂಣಂತ' ಕೇಳಿ ನನಗೆ ಖರೇ ಹೆದರಿಕೆಯಾಯಿತು, ದ್ವಾರಕಾ.

ನಮ್ಮ ಹಳೇ ಟಿ.ವಿ. ಸಿಡಿಲಿಗೆ ಸುಟ್ಟದ್ದು ನಿನಗೆ ಗೊತ್ತೇ ಇದೆ. ನೀನು ಬರುವುದರೊಳಗೆ ಹೊಸದು ತಂದಿಡಬೇಕು, ಮೂವತ್ತು ಸಾವಿರ ದಾಟಬಾರದು ಎಂದು ನಿಶ್ಚಯ ಮಾಡಿದೆ. ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಅಳತೆ ಹಿಡಿಯೋಣವೆಂದು ಟೇಪು ತೆಗೆದುಕೊಂಡೆ. ನನ್ನ ಖುರ್ಚಿಯಿಂದ ಟಿ.ವಿ.ಗೆ ಎಷ್ಟು ದೂರ ಎಂದು ಬರೆದುಕೊಂಡೆ. ನೀನು ಕೂಡ್ರುವುದು ಅಡುಗೆಮನೆ ಬಾಗಿಲ ಒಳಗೆ ಮಣೆ ಹಾಕಿಕೊಂಡು. ಅಲ್ಲಿಂದಲೂ ಅಳೆಯೋಣ ಎಂದು ಆ ಮಣೆಯ ಮೇಲೆ ಕೂತೆ. ಮೂವತ್ತೈದು ವರ್ಷದ ಸಂಸಾರದಲ್ಲಿ ನಾನು ಅಲ್ಲಿ ಕೂತದ್ದು ಅದೇ ಮೊದಲು. ಕೂತು ತಲೆ ಎತ್ತಿದರೆ, ನಾನು ಅಭಿಮಾನದಿಂದ ಸಾಗವಾನಿಯಲ್ಲಿ ಮಾಡಿಸಿದ ಆ ಟಿ.ವಿ. ಕಪಾಟಿನ ಕದ ಅರ್ಧ ತೆರೆದು ನಿಂತಿದೆ. ಅಡುಗೆಮನೆಯ ಕಡೆಯ ಕದ ಪೂರ್ತಿ ತೆರೆಯುವುದೇ ಇಲ್ಲ, ಗೋಡೆಗೆ ಬಡಿಯುತ್ತದೆ. ಅಲ್ಲಿಂದ ಕಾಣುವುದು ಅರ್ಧ ಟಿ.ವಿ.

ಇಪ್ಪತ್ತು ವರ್ಷ ನೀನು ಅರ್ಧ ಟಿ.ವಿ. ನೋಡಿದ್ದೀ. "ಯಾರ್ರೀ ಅದು, ಯಾಕ ಅಳ್ಳಿಕ್ಕತ್ತಾಳ?" ಎಂದು ನೀನು ಒಳಗಿಂದ ಕೇಳುತ್ತಿದ್ದೆ. "ಕಣ್ಣ ಕಾಣೂದಿಲ್ಲೇನು ನಿನಗ?" ಎಂದು ನಾನು ಗದರುತ್ತಿದ್ದೆ. ಅಳುವವಳು ಕದದ ಆಚೆ ಇದ್ದಳು, ನಿನಗೆ ಎಲ್ಲಿಂದ ಕಾಣಬೇಕು? ನಮ್ಮಪ್ಪ ಪಡಸಾಲೆಯಲ್ಲಿ ಕೂತಿರುವಾಗ ಸೊಸೆ ಎದುರಿಗೆ ಬಂದು ಕೂಡ್ರುವ ಹಾಗಿರಲಿಲ್ಲ, ಆ ಕಾಲ ಹಾಗಿತ್ತು. ಆದರೆ ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವರ ಖುರ್ಚಿಗೆ ನಾನು ಬಂದೆ, ನೀನು ಮಾತ್ರ ಮಣೆಯ ಮೇಲೆ ಉಳಿದೆ. ಹೊರಗೆ ಬಾ ಎಂದು ಯಾರೂ ಅನ್ನಲಿಲ್ಲ. ಅನ್ನಬೇಕಾದವನು ನಾನೊಬ್ಬನೇ ಇದ್ದೆ. ನನಗೆ ಅಗದಿ ನಾಚಿಕೆಯಾಯಿತು.

ಮೊನ್ನೆ ಬಸಕ್ಕನ ಗಂಡ ಶಿದ್ಲಿಂಗಪ್ಪನನ್ನು ಜೊತೆಗೆ ಕರೆದುಕೊಂಡು ಹುಬ್ಬಳ್ಳಿಗೆ ಹೋದೆ. ಭತ್ತದ ಕೊಯ್ಲು ಬಿಟ್ಟು ಬಂದ ಪುಣ್ಯಾತ್ಮ. ಅಂಗಡಿಯೊಳಗೆ ಕಾಲಿಟ್ಟವನೇ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ನಾನು ನಗಬೇಕೆಂದವನು, ಒಳಗೆ ನೋಡಿ ನಾನೂ ಬಿಟ್ಟೆ. ಗೋಡೆಯ ತುಂಬ ಟಿ.ವಿ.ಗಳು, ಎಲ್ಲದರಲ್ಲೂ ಒಂದೇ ಸಮುದ್ರ. ಮೀನಿನ ಮೈಮೇಲಿನ ಹುರುಪೆ ಒಂದೊಂದೂ ಎಣಿಸುವ ಹಾಗಿತ್ತು. ಆಮೇಲೆ ಒಬ್ಬ ಮುದುಕಿಯ ಮುಖ ಬಂತು. ಯಾವ ದೇಶದವಳೋ, ಅವಳ ರೆಪ್ಪೆಯ ಅಂಚಿಗೆ ನಿಂತ ನೀರು ಕಾಣುತ್ತಿತ್ತು. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದೆ, ಇನ್ನೂ ಅಲ್ಲೇ ನಿಂತಿತ್ತು. ಶಿದ್ಲಿಂಗಪ್ಪ ಹತ್ತಿರ ಹೋಗಿ "ಈ ಮುದುಕಿ ನನ್ನ ನೋಡಾಕತ್ತಾಳ್ರಿ ಮಾಸ್ತರ," ಅಂದ. ಮನುಷ್ಯ ಇಂಥದ್ದನ್ನೂ ಮಾಡಿದ್ದಾನಲ್ಲ! ಮೂವತ್ತೆರಡು ವರ್ಷ ಹುಡುಗರಿಗೆ ಬೆಳಕಿನ ಪಾಠ ಮಾಡಿದವನು ನಾನು. ಬೆಳಕು ಇಷ್ಟು ಮಾಡುತ್ತದೆ ಎಂದು ಗೊತ್ತಿರಲಿಲ್ಲ.

ಅಂಗಡಿಯ ಸಾಧಿಕ್ ಎಂಬ ಹುಡುಗ ಬಹಳ ತಾಳ್ಮೆಯಿಂದ ತಿಳಿಸಿ ಹೇಳಿದ. ನಮ್ಮ ರೊಕ್ಕಕ್ಕೆ ಎರಡು ಬರುತ್ತವೆ: ನಲವತ್ತೆರಡು ಇಂಚಿನ ಪ್ಲಾಸ್ಮಾ, ಇಲ್ಲವೇ ಮೂವತ್ತೆರಡು ಇಂಚಿನ ಎಲ್‌ಸಿಡಿ. ಪ್ಲಾಸ್ಮಾದಲ್ಲಿ ಕಪ್ಪು ಅಂದರೆ ಕಾಡಿಗೆಯಂಥ ಕಪ್ಪು, ಆದರೆ ಕರೆಂಟು ಜಾಸ್ತಿ ತಿನ್ನುತ್ತದೆ, ಗಾಜಿನಲ್ಲಿ ಬಾಗಿಲ ಬೆಳಕು ಹೊಳೆಯುತ್ತದೆ. ಎಲ್‌ಸಿಡಿ ಹಗುರು, ಹಗಲಲ್ಲಿ ಚೆನ್ನಾಗಿ ಕಾಣುತ್ತದೆ. ನಾನು ಹಳೇ ಚಟದಂತೆ ನೋಟ್‌ಬುಕ್ಕಿನಲ್ಲಿ ಎರಡಕ್ಕೂ ಅಂಕ ಕೊಡುತ್ತ ಬಂದೆ, ಸಮ ಸಮ ಬಂತು. "ಅದ ರೊಕ್ಕಕ್ಕ ದೊಡ್ಡದು ಸಿಗೂ ಮುಂದ ಸಣ್ಣದರ ಮಾತ ಯಾಕ್ರಿ?" ಎಂದು ಶಿದ್ಲಿಂಗಪ್ಪ ಒಂದೇ ಸವನೆ ಹಚ್ಚಿದ್ದ.

ಆಗ ನಾನು ಟೇಪು ತೆಗೆದು ಅಳೆದು, ನಿನ್ನ ಮಣೆ ಎಷ್ಟು ಓರೆಗೆ ಬರುತ್ತದೋ ಅಷ್ಟೇ ಓರೆಗೆ, ಒಂದು ಫ್ರಿಜ್ಜಿನ ಮಗ್ಗುಲಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಗಿರಾಕಿಗಳೆಲ್ಲ ನೋಡಿದರು, ನೋಡಲಿ. ಅಲ್ಲಿಂದ ಎಲ್‌ಸಿಡಿಯಲ್ಲಿ ಮುದುಕಿಯ ಮುಖ ಬಿಳಿಚಿಕೊಂಡಿತು, ಕಣ್ಣೀರು ಇಲ್ಲವೇ ಇಲ್ಲ. "ಕಡಿಮಿ ರೇಟಿನ ಎಲ್‌ಸಿಡಿ ಒಳಗ ಬಾಜೂಲಿಂದ ಹಂಗ ಆಗ್ತೈತ್ರಿ ಸರ," ಅಂದ ಸಾಧಿಕ್. ಪ್ಲಾಸ್ಮಾದಲ್ಲಿ ಎದುರಿಗೆ ಹೇಗೋ ಓರೆಗೂ ಹಾಗೆಯೇ, ಕಣ್ಣೀರೂ ಅಲ್ಲೇ ಇತ್ತು. "ಅಕ್ಕಾರಿಗೆ ಇದ ಛಲೋರಿ. ಒಲಿ ಮುಂದ ಕುಂತ್ರೂ ಕಾಣತೈತಿ," ಎಂದು ಶಿದ್ಲಿಂಗಪ್ಪ ತೀರ್ಪು ಕೊಟ್ಟ. ಸಾಧಿಕ್‌ನೂ ತಲೆಯಾಡಿಸಿದ. ನಾನು ನೆಲದ ಮೇಲಿಂದ ಏಳದೆ ಬಹಳ ಹೊತ್ತು ಯೋಚನೆ ಮಾಡಿದೆ.

ನಿನ್ನೆ ಟಿ.ವಿ. ಬಂತು. ಸಾಗವಾನಿ ಕಪಾಟು ತೆಗೆಸಿಬಿಟ್ಟೆ, ಈಗ ಅದರಲ್ಲಿ ಬಸಕ್ಕ ಜೋಳದ ಡಬ್ಬಿ ಇಡುತ್ತಾಳಂತೆ. ಅವಳೇ ಟಿ.ವಿ.ಗೆ ಆರತಿ ಮಾಡಿ ಕಾಯಿ ಒಡೆದಳು. ಕುಂಕುಮ ಗಾಜಿಗೇ ಹಚ್ಚಲು ಹೋದವಳನ್ನು ತಡೆದು ಚೌಕಟ್ಟಿಗೆ ಹಚ್ಚಿಸುವಷ್ಟರಲ್ಲಿ ನನಗೆ ಸಾಕಾಯಿತು. ಚಿತ್ರ ಮೂಡಿದಾಗ ಅವಳು ಬಾಯಿಗೆ ಸೆರಗು ಹಿಡಿದು "ಯವ್ವಾ, ಮಾರಿ ಮ್ಯಾಲಿನ ಬೆವರೂ ಕಾಣಾಕತ್ತೈತಿ," ಅಂದು ಅಲ್ಲೇ ಕುಸಿದು ಕೂತಳು. ನೀನು ಇರಬೇಕಿತ್ತು ಎಂದು ನನಗೆ ಬಹಳ ಅನ್ನಿಸಿತು.

ಅಳಿಯಂದಿರಿಗೆ ನನ್ನ ನಮಸ್ಕಾರ, ರಂಜನಾಳಿಗೆ ಆಶೀರ್ವಾದ, ಕೂಸಿನ ಎರಡೂ ಅಂಗಾಲಿಗೆ ಒಂದೊಂದು ಮುದ್ದು. ಎಣ್ಣೆಯ ಸೀಸೆ ಬೇಕಾದರೆ ಬಂದು ಒಯ್ಯಿ.

ನಿನ್ನ
ಕೃಷ್ಣಾಜಿ

ತಾ.ಕ.: ಕಾಗದ ಡಬ್ಬಿಗೆ ಹಾಕಲು ಶಿದ್ಲಿಂಗಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಮುಖ ಇನ್ನೂ ಗಂಟು ಹಾಕಿಕೊಂಡೇ ಇದ್ದಾನೆ. ಯಾಕೆಂದರೆ ನಾನು ತಂದದ್ದು ಎಲ್‌ಸಿಡಿ, ಸಣ್ಣದು. ಬೇಕೆಂದೇ ತಂದೆ. ಪ್ಲಾಸ್ಮಾ ತಂದಿದ್ದರೆ ನೀನು ಬಂದು ಮತ್ತೆ ಅಲ್ಲೇ ಕೂಡ್ರುತ್ತಿದ್ದೆ, "ಇಲ್ಲಿಂದನೂ ಛಂದ ಕಾಣಸ್ತದ್ರಿ" ಅನ್ನುತ್ತಿದ್ದೆ, ನಾನೂ ಹೂಂ ಅಂದು ಸುಮ್ಮನಾಗುತ್ತಿದ್ದೆ. ನಮ್ಮಿಬ್ಬರ ಗುಣ ನನಗೆ ಗೊತ್ತು. ಇದು ಅಡುಗೆಮನೆ ಬಾಗಿಲಿನಿಂದ ಸರಿಯಾಗಿ ಕಾಣುವುದಿಲ್ಲ. ನಿನ್ನ ಮಣೆ ಅಟ್ಟಕ್ಕೆ ಹಾಕಿದ್ದೇನೆ. ಅಪ್ಪನ ಖುರ್ಚಿ ಟಿ.ವಿ.ಯ ಎದುರಿಗೆ ಇಟ್ಟಿದ್ದೇನೆ, ಅದು ನಿನ್ನದು. ನಾನು ಬಾಗಿಲ ಕಡೆ ಕೂಡ್ರುತ್ತೇನೆ. ಹಾಲು ಉಕ್ಕಿದರೆ ನಾನು ಏಳುತ್ತೇನೆ.